ಹಕ್ಕಿ ಅಂಚೆ: ನೀರು ಇಳಿದ ಮೇಲೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸಮುದ್ರದ ಹಕ್ಕಿಗಳ ಬಗ್ಗೆಯೇ ಇವೆ. ಬರೆದವರೆಲ್ಲ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯವರು. ಸಮುದ್ರ ನಮಗೆ ಮುನ್ನೂರು ಕಿಲೋಮೀಟರ್ ದೂರ. ಆದರೂ ಮಕ್ಕಳ ಪರೀಕ್ಷೆ ಮುಗಿಯುವ ಹೊತ್ತಿಗೆ ನಮ್ಮ ಕಡೆಯವರ ಮನಸ್ಸು ಗೋಕರ್ಣ, ಮುರ್ಡೇಶ್ವರದ ಕಡೆ ಓಡುತ್ತದೆ. ಹೊಸ ಓದುಗರಿಗೆ ನನ್ನ ಪರಿಚಯ ಎರಡು ಮಾತಿನಲ್ಲಿ: ಬ್ಯಾಂಕಿನಲ್ಲಿ ಕ್ಲರ್ಕ್ ಆಗಿದ್ದೆ. ಎಂಟು ವರ್ಷ ಕುಮಟಾ, ಉಳಿದದ್ದೆಲ್ಲ ಕೊಪ್ಪಳ ಜಿಲ್ಲೆ. ಈಗ ಮುನಿರಾಬಾದಿನಲ್ಲಿ ತುಂಗಭದ್ರಾ ಡ್ಯಾಮಿನ ಹತ್ತಿರವೇ ಮನೆ. ಹಕ್ಕಿಶಾಸ್ತ್ರ ಓದಿದವಳಲ್ಲ, ನೋಡಿ ನೋಡಿ ಕಲಿತಿದ್ದು.

ಪ್ರಶ್ನೆ: ಮೇಡಂ, 2008, 2009ರಲ್ಲಿ ನಾನು ಸಂಡೂರಿನಿಂದ ಬೇಲೆಕೇರಿ ಬಂದರಿಗೆ ಅದಿರಿನ ಲಾರಿ ಓಡಿಸುತ್ತಿದ್ದೆ. ಅನ್‌ಲೋಡ್ ಮಾಡಲು ಕೆಲವು ಸಲ ಎರಡು ದಿನ ಸಾಲಿನಲ್ಲಿ ನಿಲ್ಲಬೇಕಿತ್ತು. ಆಗ ಬೋಟುಗಳ ಮೇಲೆ ಬಿಳಿ ಹಕ್ಕಿಗಳು ಗುಂಪಾಗಿ ಕೂರುತ್ತಿದ್ದವು. ಸಂಕ್ರಾಂತಿ ಹೊತ್ತಿಗೆ ನೋಡಿದರೆ ಕಿವಿ ಹತ್ತಿರ ಒಂದು ಕಪ್ಪು ಚುಕ್ಕೆ ಅಷ್ಟೇ. ಯುಗಾದಿ ಹೊತ್ತಿಗೆ ಹೋದರೆ ತಲೆ ಪೂರ್ತಿ ಕಪ್ಪು. ನಮ್ಮ ಕ್ಲೀನರ್ ಹುಡುಗ ಅವು ಬೇರೆ ಜಾತಿ ಅನ್ನುತ್ತಿದ್ದ. ಈಗ ನಾನು ಭತ್ತದ ಲೋಡ್ ಹೊಡೆಯುತ್ತೇನೆ. ಹೋದ ಮೇ ತಿಂಗಳಲ್ಲಿ ಮರಿಯಮ್ಮನಹಳ್ಳಿ ಕಡೆ ಡ್ಯಾಮಿನ ಹಿನ್ನೀರಿನಲ್ಲಿ ಅದೇ ಕಪ್ಪು ತಲೆಯ ಹಕ್ಕಿ ಕಂಡೆ. ಅದು ಬೇಲೆಕೇರಿಯಿಂದ ಬಂದಿದ್ದಾ?
(ಲಾರಿ ಚಾಲಕರು, ತೋರಣಗಲ್ಲು)

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಆ ವರ್ಷಗಳಲ್ಲಿ ಅಂಕೋಲಾ–ಗುತ್ತಿ ರಸ್ತೆಯಲ್ಲಿ ಕೆಂಪು ಧೂಳು ಬಿಟ್ಟರೆ ನಮಗೇನೂ ಕಾಣುತ್ತಿರಲಿಲ್ಲ. 2010ರಲ್ಲಿ ಸರ್ಕಾರ ಅದಿರು ರಫ್ತು ನಿಲ್ಲಿಸಿತು, ಆ ಸಾಲೂ ಕರಗಿತು. ಆ ಸಾಲಿನಲ್ಲಿ ನಿಂತು ಒಬ್ಬರು ಹಕ್ಕಿಯ ಕಿವಿ ಚುಕ್ಕೆ ನೋಡುತ್ತಿದ್ದರು ಅಂತ ತಿಳಿದು ಖುಷಿಯಾಯಿತು.

ಬೋಟಿನ ಮೇಲೆ ಕೂರುತ್ತಿದ್ದವು ಕಡಲಕ್ಕಿಗಳು, ಇಂಗ್ಲಿಷಿನಲ್ಲಿ ಗಲ್. ನಮ್ಮ ಕರಾವಳಿಯ ಬಂದರುಗಳಲ್ಲಿ ಜಾಸ್ತಿ ಕಾಣುವವು ಎರಡು: ಕಂದು ತಲೆಯ ಕಡಲಕ್ಕಿ ಮತ್ತು ಕಪ್ಪು ತಲೆಯ ಕಡಲಕ್ಕಿ. ಎರಡೂ ಚಳಿಗಾಲಕ್ಕೆ ಬರುವ ನೆಂಟರು. ಕಂದು ತಲೆಯದು ಟಿಬೆಟ್ ಮತ್ತು ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ ಮೊಟ್ಟೆ ಇಡುತ್ತದೆ. ಇಲ್ಲಿ ಇರುವಷ್ಟು ದಿನ ತಲೆ ಬಿಳಿ, ಕಿವಿ ಹತ್ತಿರ ಚುಕ್ಕೆ. ಊರಿಗೆ ಹೊರಡುವ ಮುಂಚೆ ತಲೆಯ ಹಳೆ ಗರಿ ಉದುರಿ ಹೊಸ ಗಾಢ ಬಣ್ಣದ ಗರಿ ಬರುತ್ತವೆ. ಬಣ್ಣ ಬಳಿದ ಹಾಗೆ ಒಂದೇ ದಿನಕ್ಕೆ ಆಗುವುದಿಲ್ಲ. ಫೆಬ್ರವರಿ ಕೊನೆಗೆ ನೋಡಿದರೆ ಹಣೆ ಬಿಳಿ, ಹಿಂದಲೆ ಕಂದು, ನಡುವೆ ತೇಪೆ ತೇಪೆ. ಸುಣ್ಣ ಹೊಡೆಯುವುದನ್ನು ಅರ್ಧಕ್ಕೆ ಬಿಟ್ಟ ಗೋಡೆ ಇದ್ದ ಹಾಗೆ. ಅಂದರೆ ನೀವು ನೋಡಿದ್ದು ಒಂದೇ ಹಕ್ಕಿ, ಬಟ್ಟೆ ಬದಲಾಯಿಸಿತ್ತು. ಕ್ಲೀನರ್ ಹುಡುಗ ಸೋತ. ಅವನ ಜೊತೆ ಪಂದ್ಯ ಕಟ್ಟಿದ್ದರೆ ಈಗ ವಸೂಲಿ ಮಾಡಿ.

ಇನ್ನೊಂದು ತಮಾಷೆ. ‘ಕಪ್ಪು ತಲೆಯ’ ಕಡಲಕ್ಕಿಯ ತಲೆಯೂ ಕಪ್ಪಲ್ಲ, ಚಾಕೊಲೇಟ್ ಕಂದು. ಹೆಸರಿಟ್ಟವರು ದೂರದಿಂದ ನೋಡಿದರೋ ಏನೋ. ಹಾಗಾಗಿ ತಲೆ ನಂಬಬೇಡಿ, ರೆಕ್ಕೆ ನೋಡಿ. ಹಾರುವಾಗ ರೆಕ್ಕೆಯ ಮುಂದಿನ ಅಂಚಿನ ಉದ್ದಕ್ಕೂ ಬಿಳಿ ಪಟ್ಟೆ ಕಂಡರೆ ಕಪ್ಪು ತಲೆಯದು. ರೆಕ್ಕೆಯ ತುದಿ ದಟ್ಟ ಕಪ್ಪಾಗಿ, ಆ ಕಪ್ಪಿನೊಳಗೆ ಬಿಳಿ ಬೊಟ್ಟು ಇದ್ದರೆ ಕಂದು ತಲೆಯದು.

ಈಗ ಮೇ ತಿಂಗಳಿನ ಹಕ್ಕಿಗೆ ಬರೋಣ. ಚಳಿಗಾಲದಲ್ಲಿ ಕೆಲವು ಕಡಲಕ್ಕಿಗಳು ಒಳನಾಡಿನ ದೊಡ್ಡ ಜಲಾಶಯಗಳಿಗೂ ಬರುತ್ತವೆ, ಅದು ನಿಜ. ಆದರೆ ಮೇ ಹೊತ್ತಿಗೆ ಅವು ಊರು ಸೇರಿರುತ್ತವೆ. ಹಾಗಾಗಿ ನಿಮ್ಮದೇ ಪತ್ರದ ಎರಡನೇ ಹಾಳೆಯನ್ನು ಮತ್ತೆ ತೆಗೆದು ನೋಡಿದೆ. ‘ಕೊಕ್ಕು ಅರಿಶಿನದ ಹಾಗೆ ಹಳದಿ, ಬಾಲ ಕತ್ತರಿ ತರ’ ಅಂತ ಬರೆದಿದ್ದೀರಿ. ಅಲ್ಲೇ ಉತ್ತರ ಇದೆ. ಈ ಕಡಲಕ್ಕಿಗಳ ಕೊಕ್ಕು ಕೆಂಪು, ಬಾಲ ಕವಲಿಲ್ಲ. ನೀವು ಕಂಡಿದ್ದು ನದಿ ರೀವ, ಇಂಗ್ಲಿಷಿನಲ್ಲಿ ರಿವರ್ ಟರ್ನ್. ಅದು ಎಲ್ಲಿಂದಲೂ ಬಂದದ್ದಲ್ಲ, ನಮ್ಮ ಹೊಳೆಯದೇ. ಕೆಂಪು ಕಾಲು, ಬೂದು ಬೆನ್ನು, ಹಣೆಯಿಂದ ಕತ್ತಿನವರೆಗೆ ಕರಿ ಟೊಪ್ಪಿಗೆ. ಮೀನು ಹಿಡಿಯುವಾಗ ತಲೆ ತಗ್ಗಿಸಿ ನೀರನ್ನೇ ನೋಡುತ್ತಾ ಹಾರುತ್ತದೆ, ಒಂದು ಕ್ಷಣ ಗಾಳಿಯಲ್ಲೇ ನಿಂತು ದಬಕ್ಕನೆ ಬೀಳುತ್ತದೆ. ಕಡಲಕ್ಕಿಗೆ ಅಷ್ಟು ಕಷ್ಟ ಬೇಕಿಲ್ಲ. ಬೋಟಿನವರು ಚೆಲ್ಲಿದ್ದನ್ನು ಎತ್ತುತ್ತದೆ, ಇಲ್ಲವೇ ಪಕ್ಕದವನ ಬಾಯಿಂದ ಕಿತ್ತುಕೊಳ್ಳುತ್ತದೆ.

ಪ್ರಶ್ನೆ: ಅಕ್ಕಾ, ಏಪ್ರಿಲ್ ಎರಡನೇ ವಾರ ಮನೆಮಂದಿಯೆಲ್ಲ ಗೋಕರ್ಣಕ್ಕೆ ಹೊರಟಿದ್ದೇವೆ. ಹಕ್ಕಿ ನೋಡಲು ನನಗೆ ಒಂದೇ ಬೆಳಗ್ಗೆ ಸಿಗುವುದು. ಉಳಿದ ಹೊತ್ತು ದೇವಸ್ಥಾನ, ಬೀಚು. ಎಲ್ಲಿ ನಿಂತರೆ ಒಳ್ಳೆಯದು?
(ರೈಸ್ ಮಿಲ್ ಮಾಲೀಕರು, ಗಂಗಾವತಿ)

ಉತ್ತರ: ಗೋಕರ್ಣದ ದಕ್ಷಿಣಕ್ಕೆ ತದಡಿ ಬಂದರು ಇದೆ. ಅಘನಾಶಿನಿ ನದಿ ಸಮುದ್ರ ಸೇರುವ ಜಾಗ. ಒಂದು ಕಡೆ ಮೀನಿನ ಬೋಟುಗಳು, ಇನ್ನೊಂದು ಕಡೆ ಸಮುದ್ರಕ್ಕೆ ಮೂಗು ಚಾಚಿದ ಗುಡ್ಡ, ನಡುವೆ ಅಳಿವೆ. ಒಂದೇ ಬೆಳಗ್ಗೆ ಮೂರು ತರದ ಜಾಗ ಸಿಗುವುದು ಅಪರೂಪ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್‌ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ನಮ್ಮ ಹಗರಿಬೊಮ್ಮನಹಳ್ಳಿಯ ಅಂಕಸಮುದ್ರ ಕೆರೆಯೂ, ಗದಗ ಜಿಲ್ಲೆಯ ಮಾಗಡಿ ಕೆರೆಯೂ ಅದೇ ಹೊತ್ತಿಗೆ ಸೇರಿದವು. ಹಾಗಾಗಿ ಅಲ್ಲಿಯವರ ಮುಂದೆ ನಾವು ಬರಗೈಯವರಂತೆ ನಿಲ್ಲಬೇಕಿಲ್ಲ.

ಹೋಗುವ ಮುಂಚೆ ಒಂದೇ ಒಂದು ವಿಷಯ ತಿಳಿದುಕೊಳ್ಳಿ: ಉಬ್ಬರ ಎಷ್ಟು ಹೊತ್ತಿಗೆ, ಇಳಿತ ಎಷ್ಟು ಹೊತ್ತಿಗೆ. ಲಾಡ್ಜಿನ ಹುಡುಗನನ್ನು ಕೇಳಬೇಡಿ, ಮೀನುಗಾರರನ್ನು ಕೇಳಿ. ದಿನಕ್ಕೆರಡು ಸಲ ನೀರು ಇಳಿಯುತ್ತದೆ, ಆ ಹೊತ್ತು ದಿನಾಲೂ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಆರು ಗಂಟೆಗೆ ಇದ್ದರೆ ನಾಳೆ ಆರೂ ಐವತ್ತಕ್ಕೆ. ಕುಮಟಾದಲ್ಲಿ ಮೊದಲ ವರ್ಷ ಇದು ಗೊತ್ತಿಲ್ಲದೆ ಎಷ್ಟೋ ಭಾನುವಾರ ಸುಮ್ನೆ ನೀರು ನೋಡಿಕೊಂಡು ಬಂದಿದ್ದೇನೆ. ನೀರು ಪೂರ್ತಿ ಇಳಿದಾಗ ಹಕ್ಕಿಗಳು ಕೆಸರಿನ ತುಂಬ ದೂರ ದೂರ ಚದುರಿರುತ್ತವೆ, ಚುಕ್ಕೆಯಷ್ಟೇ ಕಾಣುತ್ತವೆ. ನೀರು ಮತ್ತೆ ಏರುವಾಗ ಹೋಗಿ ನಿಂತುಕೊಳ್ಳಿ. ಕಾಲಡಿಯ ನೆಲ ಮುಳುಗಿದ ಹಾಗೆ ಅವು ತಾವಾಗಿಯೇ ನಿಮ್ಮ ದಂಡೆಯ ಕಡೆ ಸರಿಯುತ್ತವೆ. ನೀವು ಕದಲಬೇಕಿಲ್ಲ.

ಕೆಸರಿನಲ್ಲಿ ಗುಬ್ಬಿಗಿಂತ ತುಸು ದೊಡ್ಡ, ಓಡಿ ನಿಂತು ಓಡಿ ನಿಲ್ಲುವ ಹಕ್ಕಿಗಳು ಕಂಡರೆ ಅವು ಸ್ಯಾಂಡ್ ಪ್ಲೋವರ್. ಡಿಸೆಂಬರ್‌ನಲ್ಲಿ ಬೂದು ಬಣ್ಣ, ಗುರುತಿಗೇ ಸಿಗುವುದಿಲ್ಲ. ನೀವು ಹೋಗುವ ಹೊತ್ತಿಗೆ ಎದೆ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಮೇಲೆ ಕಡಲಕ್ಕಿಯ ತಲೆಯ ಬಗ್ಗೆ ಬರೆದೆನಲ್ಲ, ಅದೇ ಕಥೆ. ಏಪ್ರಿಲ್ ಎರಡನೇ ವಾರ ಒಳ್ಳೆಯ ಹೊತ್ತು ಅನ್ನುವುದು ಇದಕ್ಕೇ. ಹಕ್ಕಿಗಳ ಲೆಕ್ಕ ಕಡಿಮೆಯಾಗುತ್ತಾ ಬಂದಿರುತ್ತದೆ, ಆದರೆ ಉಳಿದವು ಮದುವೆ ಬಟ್ಟೆಯಲ್ಲಿ ಇರುತ್ತವೆ. ಇನ್ನು ಎರಡು ವಾರ ತಡ ಮಾಡಿದರೆ ಕೆಸರು ಮಾತ್ರ ಸಿಗುತ್ತದೆ.

ಕೆಸರಿನಲ್ಲೇ ಸೊಂಟ ಬಗ್ಗಿಸಿ ಬಳಚು (ಚಿಪ್ಪುಮೀನು) ಆರಿಸುವ ಹೆಂಗಸರು ಇರುತ್ತಾರೆ. ಹಕ್ಕಿಗಳು ಅವರಿಗೆ ಹೆದರುವುದಿಲ್ಲ. ಕ್ಯಾಮೆರಾ ಹಿಡಿದು ನೆಟ್ಟಗೆ ನಡೆದು ಬರುವ ನಮಗೆ ಹೆದರುತ್ತವೆ.

ಬಂದರಿನಲ್ಲಿ ಬೋಟು ಖಾಲಿ ಮಾಡುವ ಹೊತ್ತಿಗೆ ಹದ್ದು, ಗರುಡ, ಬೆಳ್ಳಕ್ಕಿ, ಕಾಗೆ ಎಲ್ಲ ಸೇರುತ್ತವೆ. ಬಲೆ ಕೊಡವುವ ಕಡೆ ನೋಡಿ. ಹಳದಿ ಕೊಕ್ಕಿನ, ಹಿಂದಲೆಯಲ್ಲಿ ಕೆದರಿದ ಜುಟ್ಟಿರುವ ದೊಡ್ಡ ರೀವ ಕಾಣಬಹುದು. ಅದರ ಪಕ್ಕದಲ್ಲೇ ಕಿತ್ತಳೆ ಕೊಕ್ಕಿನದು ಇದ್ದರೆ ಅದು ಸಣ್ಣದು. ಎರಡೂ ಸಮುದ್ರ ಬಿಟ್ಟು ನಮ್ಮ ಕಡೆ ಬರುವವಲ್ಲ. ದಾರಿಗೆ ಅಡ್ಡ ನಿಲ್ಲಬೇಡಿ, ಐಸು, ಬುಟ್ಟಿ ಹೊತ್ತವರಿಗೆ ನಮ್ಮ ಹವ್ಯಾಸದಿಂದ ತೊಂದರೆ ಆಗಬಾರದು. ಚಪ್ಪಲಿ ಜಾರುತ್ತದೆ, ಶೂ ಹಾಕಿ.

ಆಮೇಲೆ ಗುಡ್ಡ. ಬಿಸಿಲೇರುವ ಮುಂಚೆ ಹತ್ತಿ, ಸಮುದ್ರದ ಕಡೆ ಮುಖ ಮಾಡಿ ಒಂದು ಗಂಟೆ ಕೂತುಬಿಡಿ. ಕೆಳಗೆ ಬಂಡೆಗಳ ಮೇಲೆ ಕಪ್ಪು ಬೂದಿ ಬಣ್ಣದ ಬೆಳ್ಳಕ್ಕಿ ಕಂಡರೆ ಕೊಳೆಯಾಗಿದೆ ಅಂದುಕೊಳ್ಳಬೇಡಿ, ಅದು ಕಡಲ ದಂಡೆಯ ಬೇರೆ ಜಾತಿ. ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದು ಬಂದರೆ ನಿಮ್ಮ ಅದೃಷ್ಟ. ಗರುಡನಿಗೂ ಅದಕ್ಕೂ ಗೊಂದಲ ಆಗುವುದಿಲ್ಲ. ಗರುಡನ ಮೈ ಕಾವಿ ಬಣ್ಣ. ಕಡಲ ಹದ್ದು ಬಿಳಿ ಮತ್ತು ಬೂದು, ಗಾತ್ರದಲ್ಲಿ ಬಹಳ ದೊಡ್ಡದು, ತೇಲುವಾಗ ರೆಕ್ಕೆ ಎರಡೂ ಮೇಲಕ್ಕೆ ಎತ್ತಿರುತ್ತದೆ. ದೂರದಲ್ಲಿ ಒಂದು ಕಂದು ಹಕ್ಕಿ ರೀವಗಳನ್ನು ಅಟ್ಟಿಸಿಕೊಂಡು ಹೋಗಿ ಮೀನು ಕಕ್ಕಿಸುತ್ತಿದ್ದರೆ ಅದು ಸ್ಕುವಾ, ಬೇಸಿಗೆಯಲ್ಲಿ ಉತ್ತರಕ್ಕೆ ಹೋಗುವ ದಾರಿಯಲ್ಲಿರುವ ದರೋಡೆಕೋರ. ಎಂಟು ವರ್ಷದಲ್ಲಿ ನನಗೆ ಸಿಕ್ಕಿದ್ದು ಎರಡೇ ಸಲ.

ನೀವು ಮಿಲ್ಲಿನವರು ಅಂತ ಇನ್ನೊಂದು ಮಾತು. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ, ಅಂದರೆ ಉಪ್ಪು ನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ. ಉಪ್ಪು ನೀರಿಗೂ ಜಗ್ಗದ ಭತ್ತ. ನಮ್ಮ ಸೋನಾ ಮಸೂರಿಯನ್ನು ಅಲ್ಲಿ ನಾಟಿ ಮಾಡಿದರೆ ಮೂರು ದಿನ ಬಾಳಲಿಕ್ಕಿಲ್ಲ. ಬೇಸಿಗೆಯಲ್ಲಿ ಆ ಗದ್ದೆಗಳಲ್ಲಿ ಬೆಳೆ ಇರುವುದಿಲ್ಲ, ಬೆಳ್ಳಕ್ಕಿ ಇರುತ್ತವೆ. ಒಂದು ಹಿಡಿ ಕಗ್ಗದ ಅಕ್ಕಿ ಸಿಕ್ಕರೆ ತಂದು ನಿಮ್ಮ ಹಮಾಲರಿಗೆ ತೋರಿಸಿ.

ಪ್ರಶ್ನೆ: ಏಪ್ರಿಲ್‌ನಲ್ಲಿ ಗೆಳೆಯರ ಜೊತೆ ಡ್ಯಾಮಿನ ಹಿನ್ನೀರಿಗೆ ಹೋಗಿದ್ದೆ. ಒಣಗಿದ ನೆಲದಲ್ಲಿ ಬೈಕ್ ಓಡಿಸಿದೆವು. ಅಂಬರಗುಬ್ಬಿ ತರದ ಸಣ್ಣ ಹಕ್ಕಿಗಳು ನಮ್ಮ ತಲೆ ಸುತ್ತ ಕೂಗುತ್ತಾ ಹಾರಾಡಿದವು. ಒಂದಂತೂ ರೆಕ್ಕೆ ಮುರಿದ ಹಾಗೆ ನೆಲದಲ್ಲಿ ಹೊರಳಾಡಿತು. ಹತ್ತಿರ ಹೋದರೆ ಹಾರಿಹೋಯಿತು. ಯಾಕೆ ಹೀಗೆ?
(ಪದವಿ ವಿದ್ಯಾರ್ಥಿ, ಕೊಪ್ಪಳ)

ಉತ್ತರ: ನೀವು ಅವುಗಳ ಮನೆಯೊಳಗೆ ಬೈಕ್ ಓಡಿಸಿದ್ದೀರಿ. ಬೈಯುವ ಯೋಗ್ಯತೆ ನನಗಿಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ಅದರ ಹೆಸರು ಸ್ಮಾಲ್ ಪ್ರಾಟಿನ್‌ಕೋಲ್. ಗೇಣುದ್ದದ ಹಕ್ಕಿ, ಮರಳಿನದೇ ಬಣ್ಣ. ನಮ್ಮ ಮನೆಯಲ್ಲಿ ಮರಳಕ್ಕಿ ಅನ್ನುತ್ತೇವೆ. ಸಂಜೆ ನೀರಿನ ಮೇಲೆ ಹುಳ ಹಿಡಿಯುತ್ತಾ ಗುಂಪಾಗಿ ಹಾರುತ್ತವೆ. ನದಿ ರೀವ, ಟಿಟ್ಟಿಭದ ಹಾಗೆ ಇದೂ ಬರಿ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಗೂಡು ಅಂತ ಏನೂ ಇಲ್ಲ, ಮರಳಿನಲ್ಲಿ ಒಂದು ಸಣ್ಣ ತಗ್ಗು. ಸಮುದ್ರದ ನೀರು ದಿನಕ್ಕೆರಡು ಸಲ ಇಳಿದು ಏರುತ್ತದೆ, ಅಲ್ಲಿನ ಕೆಸರಲ್ಲಿ ಹಕ್ಕಿ ಉಣ್ಣಬಹುದು, ಮೊಟ್ಟೆ ಇಡಲಾಗದು. ನಮ್ಮ ಡ್ಯಾಮಿನ ನೀರು ವರ್ಷಕ್ಕೆ ಒಂದೇ ಸಲ ಇಳಿಯುತ್ತದೆ. ಫೆಬ್ರವರಿಯಿಂದ ಬಯಲಾದ ನೆಲ ಮಳೆಗಾಲದ ಹೊಸ ನೀರು ಬರುವವರೆಗೆ ಹಾಗೇ ಇರುತ್ತದೆ. ಮೊಟ್ಟೆ ಒಡೆದು ಮರಿ ಹಾರಲು ಅಷ್ಟು ದಿನ ಸಾಕು. ಡ್ಯಾಮಿಗೆ ಹೂಳು ತುಂಬಿ 133 ಟಿಎಂಸಿ ಹಿಡಿಯುತ್ತಿದ್ದ ಜಾಗದಲ್ಲಿ ಈಗ 105ರ ಆಸುಪಾಸು ಹಿಡಿಯುತ್ತದೆ. ರೈತರ ಕಣ್ಣಲ್ಲಿ ನೀರು ತರಿಸುವ ಲೆಕ್ಕ ಅದು, ನನ್ನ ತಮ್ಮನ ಗದ್ದೆಯೂ ಎಡದಂಡೆ ಕಾಲುವೆಯ ಕೊನೆಯಲ್ಲೇ ಇದೆ. ಆದರೆ ಅದೇ ಹೂಳಿನ ದಿಬ್ಬ ಈ ಹಕ್ಕಿಗೆ ಬಾಣಂತಿ ಕೋಣೆ. ಎರಡೂ ನಿಜ, ಏನು ಮಾಡುವುದು.

ಈಗ ನನ್ನ ಕಥೆ. ಕೆಲವು ವರ್ಷಗಳ ಹಿಂದೆ ಮಾರ್ಚ್ ಕೊನೆಯಲ್ಲಿ ನಾನೂ ಸ್ಕೂಟಿಯಲ್ಲೇ ಒಣ ನೆಲಕ್ಕೆ ಇಳಿದೆ. ನಡೆದರೆ ಬಿಸಿಲು, ಗಾಡಿಯಲ್ಲಿ ಹೋದರೆ ಹಕ್ಕಿ ಹೆದರುವುದಿಲ್ಲ ಅನ್ನುವ ನೆಪ. ಹಕ್ಕಿಗಳು ತಲೆ ಮೇಲೆ ಕೂಗುತ್ತಿದ್ದವು. ಇಷ್ಟು ಹತ್ತಿರ ಬರುತ್ತವಲ್ಲ ಅಂತ ನನಗೆ ಸಂಭ್ರಮ! ಗಾಡಿ ನಿಲ್ಲಿಸಿ ಇಳಿದಾಗ ಮುಂದಿನ ಚಕ್ರದಲ್ಲಿ ಏನೋ ಅಂಟಿತ್ತು. ಹಳದಿ ಲೋಳೆ, ಅದಕ್ಕೆ ಮರಳು ಮೆತ್ತಿಕೊಂಡು, ಪಕ್ಕದಲ್ಲಿ ಉಗುರಿನಷ್ಟು ಚಿಪ್ಪು. ಚಿಪ್ಪಿನ ಮೇಲೆ ಕಂದು ಚುಕ್ಕೆಗಳು. ಹಿಂದೆ ತಿರುಗಿ ನೋಡಿದರೆ ಚಕ್ರದ ಗುರುತಿನ ಅಂಚಿನಲ್ಲೇ ಇನ್ನೊಂದು ಮೊಟ್ಟೆ ಇಡಿಯಾಗಿ ಉಳಿದಿತ್ತು. ಎರಡು ಮಾರು ದೂರದಲ್ಲಿ ನಿಂತರೂ ಕಣ್ಣು ತಪ್ಪಿಸುವಷ್ಟು ಮರಳಿನಲ್ಲಿ ಬೆರೆತುಹೋಗಿತ್ತು.

ಅಲ್ಲೇ ಕುರಿ ಮೇಯಿಸುತ್ತಿದ್ದ ಅಜ್ಜ ಒಬ್ಬರು ಬಂದರು. ನಾನು ನೆಲದಲ್ಲಿ ಕಣ್ಣು ನೆಟ್ಟು ಹುಡುಕುತ್ತಿದ್ದೆ, ಇನ್ನೂ ಎಲ್ಲೆಲ್ಲಿ ಇವೆಯೋ ಅಂತ. ಅಜ್ಜ ಹೇಳಿದರು: ‘ನೀ ಹಿಂದ ಸರಿಯವ್ವ. ಅದು ತಾನ ತೋರಸ್ತೈತಿ.’ ಬಂದ ಚಕ್ರದ ಗುರುತಿನ ಮೇಲೇ ಕಾಲಿಟ್ಟು ಇಬ್ಬರೂ ದೂರ ಹೋಗಿ ಜಾಲಿ ಗಿಡದ ನೆರಳಲ್ಲಿ ಕೂತೆವು. ಐದು ನಿಮಿಷಕ್ಕೆ ಕೂಗು ನಿಂತಿತು. ಒಂದೊಂದೇ ಹಕ್ಕಿ ಇಳಿದು, ನಾಲ್ಕು ಹೆಜ್ಜೆ ಓಡಿ, ಮೈ ಅಲುಗಿಸಿ ಕೂತವು. ಹದಿನೇಳು ಕಡೆ ಎಣಿಸಿದೆ. ನನ್ನ ಗಾಡಿ ಹೋದ ದಾರಿಯ ಅಕ್ಕಪಕ್ಕವೇ ಹದಿನೇಳು. ಮಾರನೆಯ ದಿನದಿಂದ ಗಾಡಿ ದಂಡೆಯ ಮೇಲೇ ನಿಲ್ಲುತ್ತದೆ.

ನೀವು ಕಂಡ ‘ರೆಕ್ಕೆ ಮುರಿದ’ ಹಕ್ಕಿ ನಾಟಕ ಆಡುತ್ತಿತ್ತು. ನಿಮ್ಮನ್ನು ಮೊಟ್ಟೆಯಿಂದ ದೂರ ಕರೆದುಕೊಂಡು ಹೋಗುವ ಉಪಾಯ. ಅಂಥದ್ದು ಕಂಡರೆ ಅದರ ಹಿಂದೆ ಹೋಗಬೇಡಿ, ನಿಂತ ಜಾಗದಲ್ಲೂ ನಿಲ್ಲಬೇಡಿ, ಬಂದ ದಾರಿಯಲ್ಲೇ ವಾಪಸ್ ಬನ್ನಿ. ನೀವು ಅಲ್ಲಿ ಫೋಟೋ ತೆಗೆಯುತ್ತಾ ನಿಂತಷ್ಟು ಹೊತ್ತು ತಾಯಿ ಮೊಟ್ಟೆಯ ಮೇಲೆ ಕೂರುವುದಿಲ್ಲ. ನಮ್ಮ ಬಿಸಿಲಲ್ಲಿ ಮೊಟ್ಟೆಗೆ ಬೇಕಾದದ್ದು ಕಾವಲ್ಲ, ನೆರಳು. ಟಿಟ್ಟಿಭ ಹೊಟ್ಟೆಯ ಗರಿಯನ್ನು ನೀರಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಹೊಟ್ಟೆಯಿಂದ ನೀರು ತೊಟ್ಟಿಕ್ಕುತ್ತಾ ಓಡುವುದನ್ನು ದಂಡೆಯ ಮೇಲಿಂದಲೇ ನೋಡಬಹುದು. ಬೈಕಿನವರಿಗೆ ಅದು ಕಾಣುವುದಿಲ್ಲ.

ಪ್ರಶ್ನೆ: ರಾಯಚೂರಿನ ಬಿಸಿಲಿನಲ್ಲಿ ಯಾವ ಬೈನಾಕ್ಯುಲರ್ ತಗೊಂಡರೂ ದೂರದ ಹಕ್ಕಿ ನಡುಗಿದ ಹಾಗೆ ಕಾಣುತ್ತದೆ. ಇನ್ನೂ ಪವರ್ ಜಾಸ್ತಿ ಇರುವುದನ್ನು ಕೊಳ್ಳಲೇ?
(ಓದುಗರು, ರಾಯಚೂರು)

ಉತ್ತರ: ಬೇಡ. ನಡುಗುವುದು ಬೈನಾಕ್ಯುಲರ್ ಅಲ್ಲ, ಬಿಸಿಲ್ಗುದುರೆ. ಪವರ್ ಜಾಸ್ತಿಯಾದರೆ ನಡುಕವೂ ದೊಡ್ಡದಾಗಿ ಕಾಣುತ್ತದೆ, ಜೊತೆಗೆ ಕೈ ನಡುಕವೂ ಸೇರುತ್ತದೆ. 8x42 ಸಾಕು. ಮೊದಲ ಅಂಕಿ ಎಂದರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ನಾನು ಮೊದಲು ಆನ್‌ಲೈನ್‌ನಲ್ಲಿ ಅಗ್ಗದ್ದೊಂದು ತರಿಸಿದ್ದೆ. ಎರಡು ಕಣ್ಣಿಗೆ ಎರಡು ಹಕ್ಕಿ ತೋರಿಸುತ್ತಿತ್ತು, ಹತ್ತು ನಿಮಿಷಕ್ಕೆ ತಲೆನೋವು. ಅಂಗಡಿಗೆ ಹೋಗಿ ಕಣ್ಣಿಗಿಟ್ಟು ನೋಡಿ ಕೊಳ್ಳಿ. ಕೃಷ್ಣೆಯ ದಂಡೆಗೆ ಬೆಳಗ್ಗೆ ಆರಕ್ಕೆ ಹೋಗಿ, ಎಂಟೂವರೆಗೆ ಮನೆಗೆ ಬಂದು ಮಂಡಕ್ಕಿ ಒಗ್ಗರಣೆ ತಿನ್ನಿ.

ಪ್ರಶ್ನೆ: ಮೀನುಗಾರಿಕೆಗೆ ರಜೆ ಜೂನ್ 15ರಿಂದ ಅಂತ ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೀರಿ. ಕಾರವಾರದಲ್ಲಿರುವ ನನ್ನ ಭಾವ ಜೂನ್ 1 ಅನ್ನುತ್ತಾರೆ. ಯಾವುದು ಸರಿ?
(ಓದುಗರು, ಸಂಡೂರು)

ಉತ್ತರ: ನಿಮ್ಮ ಭಾವ ಸರಿ. ನಾನು ಕುಮಟಾ ಬಿಟ್ಟು ಬಹಳ ವರ್ಷವಾಯಿತು, ಹಳೆ ಲೆಕ್ಕದಲ್ಲೇ ಬರೆದುಬಿಟ್ಟೆ. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ರಜೆ. ಅಷ್ಟು ದಿನ ಬಂದರಿನಲ್ಲಿ ಬೋಟು ಸಾಲಾಗಿ ಕಟ್ಟಿರುತ್ತವೆ, ಹದ್ದುಗಳಿಗೂ ಉಪವಾಸ. ಆದರೆ ಮಳೆಗಾಳಿಗೆ ಸಿಕ್ಕಿ ನಡುಸಮುದ್ರದ ಹಕ್ಕಿಗಳು ಕೆಲವೊಮ್ಮೆ ದಂಡೆಗೆ ಬಂದು ಬೀಳುವುದು ಆಗಲೇ. ನಿಮ್ಮ ಭಾವನಿಗೆ ಅಂಥದ್ದು ಸಿಕ್ಕರೆ ಮತ್ತೆ ಸಮುದ್ರಕ್ಕೆ ಎಸೆಯಬೇಡಿ ಅನ್ನಿ. ಗಾಳಿಯಾಡುವ ರಟ್ಟಿನ ಡಬ್ಬದಲ್ಲಿ ಕತ್ತಲಲ್ಲಿಟ್ಟು ಅರಣ್ಯ ಇಲಾಖೆಯವರಿಗೆ ಫೋನ್ ಮಾಡಲಿ.

ಪ್ರಶ್ನೆ: ಅಜ್ಜಿ, ಕಡಲಕ್ಕಿಗೆ ಬಾಯಾರಿಕೆ ಆದರೆ ಏನು ಕುಡಿಯುತ್ತದೆ? ಸಮುದ್ರದ ನೀರು ಉಪ್ಪು ಅಲ್ವಾ?
(ಆರನೇ ತರಗತಿ ವಿದ್ಯಾರ್ಥಿನಿ, ಕುಷ್ಟಗಿ)

ಉತ್ತರ: ಉಪ್ಪು ನೀರನ್ನೇ ಕುಡಿಯುತ್ತದೆ ಪುಟ್ಟಿ. ಸಿಹಿ ನೀರು ಸಿಕ್ಕರೆ ಅದನ್ನೂ ಬಿಡುವುದಿಲ್ಲ. ನೀನು ಕುಡಿದರೆ ವಾಂತಿಯಾಗುತ್ತದೆ, ಪ್ರಯೋಗ ಮಾಡಬೇಡ. ಕಡಲಕ್ಕಿಯ ಕಣ್ಣಿನ ಮೇಲೆ, ತಲೆಬುರುಡೆಯಲ್ಲಿ ಎರಡು ಸಣ್ಣ ಗ್ರಂಥಿಗಳಿವೆ. ರಕ್ತದಲ್ಲಿ ಜಾಸ್ತಿಯಾದ ಉಪ್ಪನ್ನು ಅವು ಸೋಸಿ ತೆಗೆಯುತ್ತವೆ. ಆ ಉಪ್ಪುನೀರು ಮೂಗಿನ ಹೊಳ್ಳೆಯಿಂದ ಇಳಿದು ಕೊಕ್ಕಿನ ತುದಿಗೆ ಬರುತ್ತದೆ. ನೆಗಡಿಯಾದವರ ಮೂಗಿನ ಹಾಗೆ ಒಂದು ಹನಿ ನೇತಾಡುತ್ತದೆ, ಆಮೇಲೆ ಹಕ್ಕಿ ತಲೆ ಕೊಡವುತ್ತದೆ. ನಿಮ್ಮ ಶಾಲೆಯ ಪ್ರವಾಸ ಮುಂದಿನ ಜನವರಿಗೆ ಕಾರವಾರಕ್ಕೆ ಅಂತ ಬರೆದಿದ್ದೀಯಲ್ಲ. ಬಂದರಿನಲ್ಲಿ ಬೋಟಿನ ಮೇಲೆ ಕೂತಿರುವ ಒಂದೇ ಒಂದು ಹಕ್ಕಿಯನ್ನು ಹಿಡಿದುಕೋ, ಅಂದರೆ ಕಣ್ಣಲ್ಲಿ. ಕೊಕ್ಕಿನ ತುದಿಯನ್ನೇ ನೋಡುತ್ತಿರು. ಎಷ್ಟು ಹೊತ್ತಿಗೆ ಒಂದು ಹನಿ ಬಿತ್ತು ಅಂತ ಎಣಿಸಿ ನನಗೆ ಬರಿ. ನಾನು ಎಂಟು ವರ್ಷ ಅಲ್ಲಿದ್ದೂ ಎಣಿಸಿಲ್ಲ.